ಏಟು ಯಾರದು?

ಕನ್ನಡದಲ್ಲಿ ಒಂದೊಂದು ಕಾಯಿಲೆಗೂ ಒಂದೊಂದು ನಡವಳಿಕೆ. ನೆಗಡಿ ಸುಮ್ಮನೆ ಆಗುತ್ತದೆ. ಜ್ವರ ಬರುತ್ತದೆ, ಬಿಡುತ್ತದೆ. ಸೊಂಟ ಹಿಡಿಯುತ್ತದೆ, ಕತ್ತು ಉಳುಕುತ್ತದೆ, ಹೊಟ್ಟೆ ಕೆಡುತ್ತದೆ. ಇವೆಲ್ಲ ಮರ್ಯಾದಸ್ಥ ಕಾಯಿಲೆಗಳು, ತಮ್ಮ ಪಾಡಿಗೆ ತಾವು ಬಂದು ಹೋಗುವಂಥವು. ದೊಡ್ಡದೇನಾದರೂ ಬಂತೋ, ಕ್ರಿಯಾಪದವೇ ಬದಲಾಗಿಬಿಡುತ್ತದೆ. ಲಕ್ವ ಹೊಡೆಯುತ್ತದೆ. ಬರ ಬಡಿಯುತ್ತದೆ. ಮಂಕು ಬಡಿಯುತ್ತದೆ, ಗರ ಬಡಿಯುತ್ತದೆ, ದರಿದ್ರ ಬಡಿಯುತ್ತದೆ. ಹೊಡೆಯುವ ಕೈ ಯಾರದು ಎಂದು ಮಾತ್ರ ವ್ಯಾಕರಣ ಬಾಯಿ ಬಿಡುವುದಿಲ್ಲ. ಅದನ್ನು ಹೇಳುವ ಕೆಲಸವನ್ನು ನೆಂಟರಿಷ್ಟರು ವಹಿಸಿಕೊಂಡಿದ್ದಾರೆ.

ಹೋದ ಮಳೆಗಾಲದಲ್ಲಿ ನನಗೆ ಸರ್ಪಸುತ್ತು ಆಯಿತು. ಮೊದಲು ಬಲಪಕ್ಕೆಯಲ್ಲಿ ಉರಿ. ಆಮೇಲೆ ಬೆನ್ನಿನ ನಡುವಿನಿಂದ ಹೊರಟು ಹೊಕ್ಕುಳಿನ ಕಡೆಗೆ ಬರುವ ಒಂದು ಕೆಂಪು ಪಟ್ಟೆ, ಅದರ ಮೇಲೆ ನೀರುಗುಳ್ಳೆಗಳ ಸಾಲು. ಕನ್ನಡಿಗೆ ಬೆನ್ನು ಕೊಟ್ಟು ಕತ್ತು ತಿರುಗಿಸಿ ನೋಡಿಕೊಂಡರೆ, ಯಾರೋ ಹಿಂದಿನಿಂದ ಚಾಟಿ ಬೀಸಿ ಓಡಿಹೋದ ಹಾಗೆ ಬಾಸುಂಡೆ. ಅಂಗಿ ತಾಕಿದರೆ ಉರಿ, ಫ್ಯಾನಿನ ಗಾಳಿ ತಾಕಿದರೂ ಉರಿ. ಚರ್ಮದ ಡಾಕ್ಟರು ನೋಡಿದ ಕೂಡಲೇ ರೋಗ ಹೇಳಿದರು, ದಿನಕ್ಕೆ ಐದು ಸಲ ನುಂಗುವ ದಪ್ಪ ಮಾತ್ರೆ ಬರೆದರು. ಆಮೇಲೆ ಕೇಳಿದರು:

“ಚಿಕ್ಕವರಿದ್ದಾಗ ಚಿಕನ್‌ಪಾಕ್ಸ್ ಆಗಿತ್ತಾ?”

“ಆಗಿತ್ತು.”

“ಅದೇ ವೈರಸ್ಸು. ಅದು ಮೈ ಬಿಟ್ಟು ಹೋಗಿರೋದಿಲ್ಲ. ನರದ ಬುಡದಲ್ಲಿ ಮಲಗಿರುತ್ತೆ. ಈಗ ಎದ್ದಿದೆ.”

“ಈಗ್ಯಾಕೆ ಎದ್ದಿತು ಡಾಕ್ಟ್ರೇ?”

“ವಯಸ್ಸು,” ಎಂದು ಅವರು ಮುಂದಿನ ರೋಗಿಯ ಗಂಟೆ ಒತ್ತಿದರು.

ಈ ಉತ್ತರವನ್ನು ಮನೆಯಲ್ಲಿ ಯಾರೂ ಒಪ್ಪಲಿಲ್ಲ. ವಯಸ್ಸಾದವರಿಗೆಲ್ಲ ಸರ್ಪಸುತ್ತು ಆಗುತ್ತದೆಯೇ ಎಂಬುದು ಸೋದರತ್ತೆಯ ಪಾಟೀಸವಾಲು. ಅವರು ಫೋನಿನಲ್ಲೇ ತನಿಖೆ ಶುರುಮಾಡಿದರು. “ಯಾವತ್ತಾದ್ರೂ ಹಾವು ಹೊಡೆದಿದ್ಯೇನೋ? ನೆನಪು ಮಾಡ್ಕೋ.” ಹಾವು ಕಂಡರೆ ನಾನು ಓಡುವ ದಿಕ್ಕು ಎಲ್ಲರಿಗೂ ಗೊತ್ತಿರುವುದರಿಂದ ಆ ಆರೋಪ ನಿಲ್ಲಲಿಲ್ಲ. ಹಾಗಾದರೆ ಸೈಟಿನಲ್ಲಿ ಹುತ್ತ ಇತ್ತೋ ಏನೋ, ಪಾಯ ತೆಗೆಸುವಾಗ ನೋಡಿದ್ದೆಯಾ? ಮನೆ ಕಟ್ಟಿಸಿದವನು ಹಿಂದಿನ ಮಾಲೀಕ. ಸರಿ, ಹಾಗಾದರೆ ಅವನು ಮಾಡಿದ್ದು ನಿನಗೆ ಸುತ್ತಿಕೊಂಡಿದೆ, ಕುಕ್ಕೆಗೆ ಹೋಗಿ ಬಾ. ಎದುರುಮನೆಯ ಅಜ್ಜಿ ದಿನವೂ ಸಂಜೆ ಬಂದು ತಲೆ ಎಲ್ಲಿಗೆ ಬಂತು, ಬಾಲ ಎಲ್ಲಿದೆ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಎರಡೂ ಸೇರಿದರೆ ಮನುಷ್ಯ ಉಳಿಯುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಸಾಮಾನ್ಯವಾಗಿ ಇದು ಮೈಯ ಒಂದೇ ಪಕ್ಕದ ಒಂದು ನರ ಹಿಡಿದು ಹೋಗುತ್ತದೆ, ನಡುಗೆರೆ ದಾಟುವುದಿಲ್ಲ ಎಂದು ನಾನು ಹೇಳಿದರೆ ಅಜ್ಜಿಗೆ ಅಷ್ಟು ಸಮಾಧಾನ ಆದಂತೆ ಕಾಣಲಿಲ್ಲ. ನನ್ನ ಹಳೆಯ ಸಹೋದ್ಯೋಗಿಯೊಬ್ಬರದು ಇನ್ನೂ ಸೂಕ್ಷ್ಮವಾದ ಸಂಶೋಧನೆ: “ನೀವು ಪತ್ರಿಕೆಗೆ ಬರೀತೀರಲ್ಲ ಸಾರ್, ಯಾರ ಮನಸ್ಸನ್ನೋ ನೋಯಿಸಿದ್ದೀರಿ.”

ಇಷ್ಟೆಲ್ಲ ಆದ ಮೇಲೆ ಎಳನೀರು ಹಿಡಿದುಕೊಂಡು ಬಂದವರು ನಮ್ಮ ಪಾದ್ರಿಗಳು. ಸಿ.ಎಸ್.ಐ. ಸಭೆಯಲ್ಲಿದ್ದು ನಿವೃತ್ತರಾದವರು. ಮಂಗಳೂರಿನ ಬಲ್ಮಠದಲ್ಲಿ ದೇವಶಾಸ್ತ್ರ ಓದಿ, ಅಲ್ಲಿ ಕಲಿತ ಗ್ರೀಕನ್ನು ಜೀವನದಲ್ಲಿ ಖರ್ಚು ಮಾಡಲು ಜಾಗವಿಲ್ಲದೆ ನನ್ನ ಮೇಲೆ ಪ್ರಯೋಗಿಸುವವರು. ಅವರು ನನಗೆ ಮೇಷ್ಟ್ರೇ ಅನ್ನುತ್ತಾರೆ, ನಾನು ಅಯ್ಯನೋರೇ ಅನ್ನುತ್ತೇನೆ. ನಾನು ಮೇಷ್ಟ್ರಲ್ಲ, ಮೇಷ್ಟ್ರ ಮಗ. ಆದರೆ ನಮ್ಮೂರಿನಲ್ಲಿ ಆ ಪಟ್ಟ ಆಸ್ತಿಯ ಜೊತೆ ಬರುತ್ತದೆ. ಬಂದವರು ಅಂಗಿ ಎತ್ತಿಸಿ, ಕನ್ನಡಕ ಸರಿಮಾಡಿಕೊಂಡು ನೋಡಿ, “ಮಾಸ್ಟಿಕ್ಸ್!” ಎಂದು ಉದ್ಗಾರ ತೆಗೆದರು. ನನ್ನ ಹೆಂಡತಿ ಅದು ಯಾವುದೋ ಮುಲಾಮು ಎಂದುಕೊಂಡು ಬರೆದುಕೊಳ್ಳಲು ಪೆನ್ನು ತಂದಳು.

ಮಾಸ್ಟಿಕ್ಸ್ ಅಂದರೆ ಚಾಟಿ. ಕುದುರೆಗೆ, ಎತ್ತಿಗೆ, ಗುಲಾಮನಿಗೆ ಬೀಸುವ ಚರ್ಮದ ಚಾಟಿ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಇದೇ ಪದಕ್ಕೆ ಕಾಯಿಲೆ, ಬಾಧೆ ಎಂಬ ಅರ್ಥವೂ ಇದೆ. ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷದಿಂದ ರಕ್ತಸ್ರಾವವಿದ್ದ ಒಬ್ಬ ಹೆಂಗಸು ಬರುತ್ತಾಳೆ. ಯೆಹೂದ್ಯರ ಶಾಸ್ತ್ರದಲ್ಲಿ ಅವಳು ಮೈಲಿಗೆ, ಅವಳು ಮುಟ್ಟಿದ್ದೂ ಮೈಲಿಗೆ. ಹಾಗಾಗಿ ಎದುರು ನಿಂತು ಕೇಳುವಂತಿಲ್ಲ. ಗುಂಪಿನಲ್ಲಿ ನುಸುಳಿ, ಹಿಂದಿನಿಂದ ಯೇಸುವಿನ ಬಟ್ಟೆ ಮುಟ್ಟುತ್ತಾಳೆ, ರಕ್ತ ನಿಲ್ಲುತ್ತದೆ. ತನ್ನ ‘ಚಾಟಿ’ಯಿಂದ ಬಿಡುಗಡೆಯಾಯಿತೆಂದು ಅವಳ ಮೈಗೆ ಗೊತ್ತಾಯಿತು ಎಂದು ಮಾರ್ಕ ಬರೆಯುತ್ತಾನೆ. ಕಳ್ಳತನದಲ್ಲಿ ಗುಣವಾದವಳನ್ನು ಯೇಸು ಎದುರಿಗೆ ಕರೆದು, ಬೈಯದೆ, ಅದೇ ಪದವನ್ನು ತಾನೂ ಆಡಿ ಕಳಿಸುತ್ತಾನೆ. 1611ರ ಇಂಗ್ಲಿಷ್ ಬೈಬಲ್ಲಿನವರು ಅಲ್ಲಿ ಪ್ಲೇಗ್ ಎಂದು ಹಾಕಿದರು. ಲ್ಯಾಟಿನ್ನಿನಲ್ಲಿ ಆ ಪ್ಲೇಗಿನ ಮೂಲಾರ್ಥವೂ ಏಟೇ, ಪೆಟ್ಟೇ.

ನನಗೆ ಹಿಡಿಸಿದ್ದು ಚಾಟಿಗಿಂತ ಮುಂಚಿನ ಒಂದು ವಾಕ್ಯ. ಆ ಹೆಂಗಸು ಬಹಳ ವೈದ್ಯರ ಕೈಯಲ್ಲಿ ಬಹಳ ಕಷ್ಟಪಟ್ಟು, ಇದ್ದದ್ದೆಲ್ಲ ಖರ್ಚುಮಾಡಿ, ಗುಣವಾಗುವ ಬದಲು ಇನ್ನೂ ಹದಗೆಟ್ಟಿದ್ದಳು ಎಂದು ಮಾರ್ಕ ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತಾನೆ. ಎರಡು ಸಾವಿರ ವರ್ಷದ ಹಿಂದಿನ ಗಲಿಲಾಯ ನನಗೆ ಆ ಕ್ಷಣಕ್ಕೆ ನಮ್ಮ ಪಕ್ಕದ ಬೀದಿ. ಇದೇ ಕತೆಯನ್ನು ಲೂಕನೂ ಬರೆದಿದ್ದಾನೆ. ಸಂಪ್ರದಾಯದ ಪ್ರಕಾರ ಲೂಕ ವೈದ್ಯ. ಅವನ ಬರಹದಲ್ಲಿ ಈ ದೂರು ಮೆತ್ತಗಾಗಿಬಿಟ್ಟಿದೆ: ಯಾರಿಂದಲೂ ಗುಣವಾಗಿರಲಿಲ್ಲ, ಅಷ್ಟೇ. ಹದಗೆಟ್ಟದ್ದು ಹೋಯಿತು, ಕಷ್ಟಪಟ್ಟದ್ದು ಹೋಯಿತು. ಕೆಲವು ಬಹು ಹಳೆಯ ಹಸ್ತಪ್ರತಿಗಳಲ್ಲಂತೂ ವೈದ್ಯರ ಖರ್ಚಿನ ಪ್ರಸ್ತಾಪವೇ ಇಲ್ಲ. ಜೊತೆಗೆ ಚಾಟಿ ಎಂಬ ಪದವೂ ಆ ಕತೆಯಿಂದ ಮಾಯ. ಬೇರೊಂದು ಕಡೆ, ಯೇಸು ಯಾರುಯಾರನ್ನು ಗುಣಪಡಿಸಿದ ಎಂದು ಪಟ್ಟಿ ಕೊಡುವಾಗ, ಲೂಕ ರೋಗಗಳನ್ನೂ ಚಾಟಿಗಳನ್ನೂ ದೆವ್ವಗಳನ್ನೂ ಬೇರೆಬೇರೆ ಹೇಳುತ್ತಾನೆ. ವೈದ್ಯನಿಗೆ ರೋಗವೇ ಬೇರೆ, ಏಟೇ ಬೇರೆ ಅನ್ನಿಸಿರಬೇಕು. ನನ್ನ ಚರ್ಮದ ಡಾಕ್ಟರೂ ಲೂಕನ ಪಂಥದವರೇ.

ಈ ರೂಪಕ ಬೈಬಲ್ಲಿನವರು ಹುಟ್ಟಿಸಿದ್ದಲ್ಲ. ಹೋಮರನ ಇಲಿಯಡ್ಡಿನಲ್ಲೇ ಗ್ರೀಕ್ ಸೈನ್ಯ ಸೋತು ಹಡಗುಗಳ ಬಳಿಗೆ ಓಡುವಾಗ ಅದು ಸ್ಯೂಸ್ ದೇವರ ಚಾಟಿಯ ಏಟು. ನಮ್ಮ ಇಂದ್ರನ ಕೈಯಲ್ಲಿ ವಜ್ರಾಯುಧ ಕೊಟ್ಟು ಸುಮ್ಮನಾದೆವು, ಗ್ರೀಕರು ತಮ್ಮ ಇಂದ್ರನಿಗೆ ಗಾಡಿ ಹೊಡೆಯುವವನ ಚಾಟಿಯನ್ನೂ ಕೊಟ್ಟರು. ಮನುಷ್ಯ ದೇವರ ಕೈಯಿಂದ ಚಾಟಿ ಕಿತ್ತುಕೊಂಡ ಪ್ರಸಂಗವೂ ಇದೆ. ಪರ್ಷಿಯದ ದೊರೆ ಕ್ಸರ್ಕ್ಸಿಸ್ ಗ್ರೀಸಿನ ಮೇಲೆ ಕ್ರಿ.ಪೂ. 480ರಲ್ಲಿ ನಡೆಸಿದ ದಂಡಯಾತ್ರೆಗಾಗಿ ಹೆಲೆಸ್ಪಾಂಟ್ ಜಲಸಂಧಿಗೆ ಸೇತುವೆ ಕಟ್ಟಿಸಿದ. ಬಿರುಗಾಳಿ ಎದ್ದು ಸೇತುವೆ ಕೊಚ್ಚಿಹೋಯಿತು. ದೊರೆ ಸಮುದ್ರಕ್ಕೆ ಮುನ್ನೂರು ಛಡಿ ಏಟು ಹೊಡೆಯಲು ಹೇಳಿದ, ಕಾಲಿಗೆ ಹಾಕುವ ಬೇಡಿಯೊಂದನ್ನೂ ನೀರಿಗೆ ಎಸೆಸಿದ. ಇದನ್ನು ಬರೆದಿಟ್ಟವನು ಹೆರೊಡೊಟಸ್. ಸೇತುವೆಯ ಮೇಲ್ವಿಚಾರಕರ ತಲೆ ತೆಗೆಸಿದ ಎಂದೂ ಅವನೇ ಸೇರಿಸುತ್ತಾನೆ. ಅದು ಮಾತ್ರ ನಗುವ ವಿಷಯವಲ್ಲ. ಆದರೆ ಮುನ್ನೂರು ಏಟು ಎಣಿಸಲು ದಡದಲ್ಲಿ ಒಬ್ಬ ಗುಮಾಸ್ತ ನಿಂತಿದ್ದಿರಬೇಕಲ್ಲ, ಅವನ ಬಗ್ಗೆ ನನಗೆ ಕುತೂಹಲ. ಅಲೆ ಬಂದು ಹೊಡೆದದ್ದನ್ನು ಅವನು ಯಾವ ಖಾತೆಗೆ ಬರೆದುಕೊಂಡನೋ.

ಸಹೋದ್ಯೋಗಿಯ ಆರೋಪದಿಂದ ಬರಹಗಾರರ ಜಾತಿಗೆ ಪೂರ್ತಿ ಬಿಡುಗಡೆ ಇಲ್ಲವೆಂದೂ ಪಾದ್ರಿಗಳು ತೋರಿಸಿಕೊಟ್ಟರು. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಝೋಯಿಲಸ್ ಎಂಬ ವಿಮರ್ಶಕನಿದ್ದ. ಹೋಮರನ ತಪ್ಪುಗಳನ್ನು ಹುಡುಕುವುದೇ ಅವನ ಕಸುಬು. ಜನ ಅವನಿಗೆ ‘ಹೋಮರೋಮಾಸ್ಟಿಕ್ಸ್’, ಹೋಮರನ ಚಾಟಿ, ಎಂದು ಅಡ್ಡಹೆಸರಿಟ್ಟರು. ಅವನು ಸತ್ತ ಬಗೆಯ ಬಗ್ಗೆ ಹಲವು ಕತೆಗಳಿವೆ. ಶಿಲುಬೆಗೇರಿಸಿದರು, ಕಲ್ಲು ಹೊಡೆದರು, ಸುಟ್ಟರು. ಎಲ್ಲವೂ ಹೋಮರನ ಅಭಿಮಾನಿಗಳಿಗೆ ತೃಪ್ತಿಯಾಗುವಂಥವೇ. ಎರಡು ಸಾವಿರ ವರ್ಷದ ಮೇಲೆ ಇಂಗ್ಲೆಂಡಿನಲ್ಲಿ ವಿಲಿಯಂ ಪ್ರಿನ್ ಎಂಬ ವಕೀಲ ಅದೇ ಬಾಲ ಹಚ್ಚಿ ‘ಹಿಸ್ಟ್ರಿಯೋಮಾಸ್ಟಿಕ್ಸ್’, ಅಂದರೆ ನಟರಿಗೆ ಚಾಟಿ, ಎಂದು ಸಾವಿರ ಪುಟ ದಾಟುವ ಪುಸ್ತಕ ಬರೆದ. ಮುಖಪುಟದ ಮೇಲಿನ ವರ್ಷ 1633. ನಾಟಕ ಆಡುವುದು, ನೋಡುವುದು ಎಲ್ಲ ಪಾಪ ಎಂದು ಅದರ ವಾದ. ಅಷ್ಟು ದಪ್ಪ ಪುಸ್ತಕ ಓದಿ ಯಾರೂ ಕೆರಳುತ್ತಿರಲಿಲ್ಲವೇನೋ. ಪ್ರಿನ್ ಕೊನೆಯಲ್ಲಿ ಒಂದು ವಿಷಯಸೂಚಿಯನ್ನೂ ಕೊಟ್ಟುಬಿಟ್ಟ. ಅದರಲ್ಲಿ ನಟಿಯರ ಬಗ್ಗೆ ಒಂದು ಕೆಟ್ಟ ನಮೂದು. ಆ ಹೊತ್ತಿಗೇ ರಾಣಿ ಹೆನ್ರಿಯೆಟ್ಟಾ ಮರಿಯಾ ಅರಮನೆಯ ನಾಟಕದಲ್ಲಿ ಪಾತ್ರ ಮಾಡಿದ್ದಳು. 1634ರಲ್ಲಿ ಅವನ ಕಿವಿ ಕತ್ತರಿಸಿದರು, ಐದು ಸಾವಿರ ಪೌಂಡು ದಂಡ, ಜೀವಾವಧಿ ಜೈಲು. ಜೈಲಿನಿಂದಲೂ ಬರೆದ. 1637ರಲ್ಲಿ ಉಳಿದ ಕಿವಿಯನ್ನೂ ಕತ್ತರಿಸಿ ಕೆನ್ನೆಗೆ ಬರೆ ಹಾಕಿದರು. ಚಾಟಿ ಎಂದು ಪುಸ್ತಕಕ್ಕೆ ಹೆಸರಿಟ್ಟವನಿಗೆ ಚಾಟಿ ಒಂದು ಬಿಟ್ಟು ಮಿಕ್ಕ ಎಲ್ಲ ಆಯುಧಗಳ ಪರಿಚಯವಾಯಿತು. ಇದನ್ನು ಕೇಳಿದಾಗಿನಿಂದ ನಾನು ಪುಸ್ತಕಗಳಿಗೆ ವಿಷಯಸೂಚಿ ಬೇಕೆನ್ನುವ ಪ್ರಕಾಶಕರನ್ನು ಅನುಮಾನದಿಂದ ನೋಡುತ್ತೇನೆ.

ಇನ್ನು ಅಪ್ಪನ ವಿಷಯ.

ನಮ್ಮಪ್ಪ ಅರಸೀಕೆರೆ ಕಡೆಯ ಒಂದು ಹಳ್ಳಿಯ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಮೇಜಿನ ಮೇಲೆ ಹಾಜರಿ ಪುಸ್ತಕ, ಸೀಮೆಸುಣ್ಣದ ಡಬ್ಬ, ಒಂದು ಹುಣಸೆ ಬರಲು. ಬರಲು ಒಣಗಿದರೆ ಏಟು ಸದ್ದು ಮಾಡುತ್ತದೆ, ಹಸಿಯಾಗಿದ್ದರೆ ಸದ್ದಿಲ್ಲದೆ ಸುತ್ತಿಕೊಳ್ಳುತ್ತದೆ. ಅದರ ಗಣ್ಣು ಸವರಿ, ಹಿಡಿಗೆ ಗೋಣಿದಾರ ಸುತ್ತಿ ಸಿದ್ಧಪಡಿಸುವ ಕೆಲಸ ನನ್ನದೇ. ಅದನ್ನು ಹೆಚ್ಚಾಗಿ ಅನುಭವಿಸುವ ಸೌಭಾಗ್ಯವೂ ನನ್ನದೇ. ಮಗನೆಂದು ಸಲಿಗೆ ತೋರಿಸಿದರು ಎಂಬ ಮಾತು ಬರಬಾರದಲ್ಲ. ಯಾರಿಗೂ ಬಾರದ ಲೆಕ್ಕವನ್ನು ನನಗೇ ಕೇಳುವುದು, ಬಾರದಿದ್ದರೆ “ಮೇಷ್ಟ್ರ ಮಗ ಆಗಿ!” ಎಂದು ಒಂದು. ಬಂದರೆ, “ಹಾಗಾದರೆ ನಿನ್ನೆ ಯಾಕೆ ಬರಲಿಲ್ಲ?” ಎಂದು ಒಂದು. ಮಿಕ್ಕ ಹುಡುಗರಿಗೆ ಗದರಿಕೆಯಲ್ಲೇ ಮುಗಿಯುತ್ತಿತ್ತು. ಬೆಂಚಿನ ಮೇಲೆ ನಿಲ್ಲಿಸುವುದು, ಬಸ್ಕಿ ಹೊಡೆಸುವುದು, ಅಷ್ಟೇ. ಕೂಲಿಮಠಗಳ ಕಾಲದ ಕೋದಂಡವೆಂಬ ಶಿಕ್ಷೆಯ ಕತೆ ಹೇಳಿ, ನೀವು ಪುಣ್ಯವಂತರು ಕಣ್ರೋ ಎನ್ನುತ್ತಿದ್ದರು.

ಇದನ್ನು ಕೇಳಿ ಪಾದ್ರಿಗಳಿಗೆ ಖುಷಿಯೋ ಖುಷಿ. ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೆರಡನೆಯ ಅಧ್ಯಾಯ ಇದೇ ಅಲ್ಲವೇ ಎಂದರು. ಕರ್ತನು ಪ್ರೀತಿಸುವವನನ್ನೇ ತಿದ್ದುತ್ತಾನೆ, ಮಗನೆಂದು ಒಪ್ಪಿಕೊಂಡ ಪ್ರತಿಯೊಬ್ಬನಿಗೂ ಚಾಟಿ ಏಟು ಕೊಡುತ್ತಾನೆ ಎಂಬ ಅರ್ಥದ ಮಾತು ಅಲ್ಲಿದೆ. ಹೊಡೆಯುವ ಕ್ರಿಯಾಪದ ಮಾಸ್ಟಿಕ್ಸಿನ ಸ್ವಂತ ಮಗಳು. ತಿದ್ದುವ ಕ್ರಿಯಾಪದಕ್ಕೆ ಗ್ರೀಕಿನಲ್ಲಿ ಮಗುವಿಗೆ ವಿದ್ಯೆ ಕೊಡು ಎಂದೂ ಅರ್ಥ, ದಂಡಿಸು ಎಂದೂ ಅರ್ಥ. ಗ್ರೀಕರನ್ನು ನೋಡಿ ಆಶ್ಚರ್ಯಪಡುವ ಹಕ್ಕು ಕನ್ನಡಿಗರಿಗಿಲ್ಲ. ಸಂಸ್ಕೃತದಲ್ಲಿ ಶಿಕ್ಷಾ ಅಂದರೆ ಕಲಿಕೆ. ನಾವು ಅದನ್ನು ತಂದುಕೊಂಡು ಶಿಕ್ಷಣವನ್ನು ಇಲಾಖೆಗೂ ಶಿಕ್ಷೆಯನ್ನು ಮಕ್ಕಳಿಗೂ ಹಂಚಿದೆವು. ಅಷ್ಟಕ್ಕೇ ನಿಲ್ಲದೆ ಪತ್ರಿಕೆ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ: ಏಟು ಬೀಳದವರು ಹಾದರಕ್ಕೆ ಹುಟ್ಟಿದವರು, ಮಕ್ಕಳಲ್ಲ. ನನ್ನ ತರಗತಿಯಲ್ಲಿ ಗದರಿಕೆಯಲ್ಲೇ ಪಾರಾದ ಗೆಳೆಯರೆಲ್ಲ ಈಗ ಊರಿನಲ್ಲಿ ದೊಡ್ಡ ಮನುಷ್ಯರು, ಒಬ್ಬ ಸೊಸೈಟಿ ಅಧ್ಯಕ್ಷ. ಈ ವಚನವನ್ನು ಅವರಿಗೆ ಓದಿ ಹೇಳುವ ಧೈರ್ಯ ನನಗಿಲ್ಲ.

ಚಾಟಿ ಏಟಿನ ಆ ಮಾತು ಪತ್ರಿಕೆಗೆ ಬಂದದ್ದು ಹಳೆಯ ಒಡಂಬಡಿಕೆಯ ಜ್ಞಾನೋಕ್ತಿಗಳು ಎಂಬ ಪುಸ್ತಕದಿಂದ. ಅಲ್ಲಿ ಮೂಲ ಹೀಬ್ರೂವಿನಲ್ಲಿ ಚಾಟಿಯೇ ಇಲ್ಲ. ಕರ್ತನು ತಾನು ಪ್ರೀತಿಸುವವನನ್ನು ಗದರಿ ತಿದ್ದುತ್ತಾನೆ, ತಂದೆಯು ಮುದ್ದಿನ ಮಗನನ್ನು ತಿದ್ದುವಂತೆ, ಎಂದಷ್ಟೇ ಇದೆ. ಹಳೆಯ ಹೀಬ್ರೂ ಬರವಣಿಗೆಯಲ್ಲಿ ಸ್ವರ ಬರೆಯುತ್ತಿರಲಿಲ್ಲ, ವ್ಯಂಜನದ ಅಕ್ಷರಗಳು ಮಾತ್ರ. ಸ್ವರದ ಚುಕ್ಕೆ ಬಂದದ್ದು ಶತಮಾನಗಳ ನಂತರ. ಕಾಫ್, ಆಲೆಫ್, ಬೇತ್, ಈ ಮೂರು ಅಕ್ಷರವನ್ನು ಒಂದು ಬಗೆಯಲ್ಲಿ ಓದಿದರೆ ‘ತಂದೆಯಂತೆ’. ಇನ್ನೊಂದು ಬಗೆಯಲ್ಲಿ ಓದಿದರೆ ‘ನೋವು’, ‘ನೋಯಿಸು’. ಗ್ರೀಕಿಗೆ ತಂದವನು ಎರಡನೆಯದನ್ನು ಓದಿಕೊಂಡ ಎಂದು ವಿದ್ವಾಂಸರ ಊಹೆ. ತಂದೆ ಇದ್ದ ಜಾಗದಲ್ಲಿ ಚಾಟಿ ಬಂತು. ಗ್ರೀಕ್ ಓದಿಕೊಂಡ ಪತ್ರಿಕೆಯ ಕರ್ತೃ ಅದನ್ನೇ ಎತ್ತಿ ಬರೆದ, ಅದು ಶಾಸ್ತ್ರವಾಯಿತು, ಎಷ್ಟೋ ದೇಶದ ಎಷ್ಟೋ ಅಪ್ಪಂದಿರು ಅದರ ಬಲದ ಮೇಲೆ ಮಕ್ಕಳ ಬೆನ್ನು ಬಿಡಿಸಿದರು.

ಪಾದ್ರಿಗಳು ಇದನ್ನು ಹೇಳಿ ಮುಗಿಸಿದಾಗ ನಾನು ನಗಲಿಲ್ಲ. ಅನುವಾದಕನ ಮೇಲೆ ಕೋಪವೂ ಬರಲಿಲ್ಲ. ಅಲೆಕ್ಸಾಂಡ್ರಿಯದಲ್ಲೋ ಎಲ್ಲೋ ದೀಪದ ಬೆಳಕಿನಲ್ಲಿ ಕೂತು ಆ ಮೂರು ಅಕ್ಷರ ನೋಡಿದವನಿಗೂ ಒಬ್ಬ ಅಪ್ಪ ಇದ್ದಿದ್ದನಷ್ಟೇ. ಓದುವಾಗ ಯಾವ ಸ್ವರ ತುಂಬಬೇಕು ಎಂಬುದನ್ನು ಅವನ ಬೆನ್ನು ಹೇಳಿಕೊಟ್ಟಿರಬಹುದು.

ಏಟಿನ ಲೆಕ್ಕ ಇಡುವುದರಲ್ಲಿ ಯೆಹೂದ್ಯರು ಕ್ಸರ್ಕ್ಸಿಸನಿಗಿಂತ ಮನುಷ್ಯರು. ಮೋಶೆಯ ಧರ್ಮಶಾಸ್ತ್ರ ನಲವತ್ತು ಏಟಿಗಿಂತ ಹೆಚ್ಚು ಕೊಡಬಾರದು ಎನ್ನುತ್ತದೆ. ಹೆಚ್ಚು ಹೊಡೆದರೆ ನಿನ್ನ ಸಹೋದರ ನಿನ್ನ ಕಣ್ಣಲ್ಲಿ ಕೀಳಾಗಿಬಿಡುತ್ತಾನೆ ಎಂಬುದು ಕಾರಣ. ಆಮೇಲಿನ ರಬ್ಬಿಗಳು ಒಂದು ಕಡಿಮೆ ಮಾಡಿ ಮೂವತ್ತೊಂಬತ್ತಕ್ಕೆ ನಿಲ್ಲಿಸಿದರು. ಲೆಕ್ಕ ತಪ್ಪಿ ನಲವತ್ತೊಂದಾದರೆ ಹೊಡೆದವನೇ ಅಪರಾಧಿಯಾಗುತ್ತಾನೆ ಎಂಬ ಭಯ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮಿಷ್ನಾದಲ್ಲಿ ವಿವರವೆಲ್ಲ ಇದೆ: ಮಡಿಸಿದ ಕರುವಿನ ಚರ್ಮದ ಬಾರು, ಮೂರರಲ್ಲಿ ಒಂದು ಪಾಲು ಎದೆಗೆ, ಎರಡು ಪಾಲು ಬೆನ್ನಿಗೆ, ಪಕ್ಕದಲ್ಲಿ ಒಬ್ಬ ಶಾಸ್ತ್ರವಚನ ಓದುತ್ತಿರಬೇಕು. ಈ ಒಂದು ಕಡಿಮೆ ನಲವತ್ತನ್ನು ಸಂತ ಪೌಲ ಐದು ಸಲ ತಿಂದೆ ಎಂದು ಬರೆದುಕೊಂಡಿದ್ದಾನೆ. ನಮ್ಮಪ್ಪನಾದರೆ ಗುಣಾಕಾರ ಮಾಡಿಸುತ್ತಿದ್ದರು: ನೂರಾ ತೊಂಬತ್ತೈದು. ಜೆರುಸಲೇಮಿನಲ್ಲಿ ರೋಮನ್ ಸಹಸ್ರಾಧಿಪತಿ ಚಾಟಿಯಲ್ಲಿ ವಿಚಾರಣೆ ಮಾಡಿಸಲು ಹೊರಟಾಗ ಮಾತ್ರ ಪೌಲ ಬಾಯಿ ತೆರೆದ. ಬಾರಿನಿಂದ ಕಟ್ಟಿಸಿಕೊಳ್ಳುವ ಹೊತ್ತಿಗೆ, ರೋಮಿನ ಪ್ರಜೆಯನ್ನು ತೀರ್ಪಿಲ್ಲದೆ ಹೊಡೆಯುವುದು ನಿಮ್ಮ ಕಾನೂನೋ ಎಂದು ಸಾವಧಾನವಾಗಿ ಕೇಳಿದ. ಸಹಸ್ರಾಧಿಪತಿ ಓಡಿ ಬಂದ. ತಾನು ದೊಡ್ಡ ಮೊತ್ತ ತೆತ್ತು ಈ ಪೌರತ್ವ ಪಡೆದವನು ಎಂದ. ಪೌಲ, ನಾನು ಹುಟ್ಟಿನಿಂದಲೇ ಎಂದ. ಬಾರು ಬಿಚ್ಚಿದರು. ಆಧಾರ್ ಕಾರ್ಡಿಗೆ ಅಂಥ ಶಕ್ತಿ ಇದ್ದದ್ದನ್ನು ನಾನಂತೂ ಕಂಡಿಲ್ಲ.

“ಆ ಹೆಂಗಸಿನ ಮೈಮೇಲಿನ ಚಾಟಿ ತೆಗೆದವನಿಗೇ ಕೊನೆಗೆ ಚಾಟಿ ಬಿತ್ತು ಮೇಷ್ಟ್ರೇ,” ಎಂದರು ಪಾದ್ರಿಗಳು, ಎಳನೀರಿನ ಬುರುಡೆ ಕೆಳಗಿಡುತ್ತ. ಯೋಹಾನನ ಸುವಾರ್ತೆಯಲ್ಲಿ ಪಿಲಾತ ಯೇಸುವನ್ನು ಹೊಡೆಸುವಾಗಲೂ ಮಾಸ್ಟಿಕ್ಸಿನ ಮಗಳಾದ ಅದೇ ಕ್ರಿಯಾಪದ. ಅದರ ಮೇಲೆ ಅವರು ಏನೂ ಸೇರಿಸಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ಮಾತು ಬದಲಿಸಲೆಂದೇ ಇರಬೇಕು, ಹರ್ಪಿಸ್ ಜೋಸ್ಟರ್ ಎಂಬ ನನ್ನ ಕಾಯಿಲೆಯ ಹೆಸರೂ ಗ್ರೀಕೇ ಎಂದರು. ಹರ್ಪಿಸ್ ಅಂದರೆ ತೆವಳುವುದು. ನಮ್ಮ ಸರ್ಪಕ್ಕೂ ಅದಕ್ಕೂ ಮೂಲಧಾತು ಒಂದೇ. ಜೋಸ್ಟರ್ ಅಂದರೆ ನಡುಪಟ್ಟಿ, ಬೆಲ್ಟು. ಅಲ್ಲಿಗೆ ಸರ್ಪಸುತ್ತು ಎಂದು ನಮ್ಮ ಅಜ್ಜಿಯರು ಹೇಳಿದ್ದನ್ನೇ ಡಾಕ್ಟರು ಚೀಟಿಯಲ್ಲಿ ಬರೆದಿದ್ದರು, ಫೀಸು ಮಾತ್ರ ಬೇರೆ.

ಹಾಗೆ ನೋಡಿದರೆ ಕಾಯಿಲೆಗೆ ಮನೆಯವರ ಹೆಸರಿಡುವುದರಲ್ಲಿ ನಾವು ಗ್ರೀಕರಿಗಿಂತ ಮುಂದೆ. ಅವರಲ್ಲಿ ಅಪ್ಪ ಚಾಟಿಯಾದ, ಅದೂ ಅನುವಾದದಲ್ಲಿ. ನಮ್ಮಲ್ಲಿ ರೋಗವೇ ಅಮ್ಮ. ನರದ ಬುಡದಲ್ಲಿ ಮಲಗಿತ್ತೆಂದು ಡಾಕ್ಟರು ಹೇಳಿದ ಆ ವೈರಸ್ಸು ನನ್ನ ಬಾಲ್ಯದಲ್ಲಿ ಬಂದಾಗ ಮನೆಯಲ್ಲಿ ಯಾರೂ ಅದನ್ನು ರೋಗ ಅನ್ನಲಿಲ್ಲ. “ಮಗೂಗೆ ಅಮ್ಮ ಆಗಿದೆ” ಅಂದರು. ಬಾಗಿಲಿಗೆ ಬೇವಿನ ಸೊಪ್ಪು, ಒಗ್ಗರಣೆ ಹಾಕುವಂತಿಲ್ಲ, ಬೈಯುವಂತಿಲ್ಲ, ಮೊಸರನ್ನ ತಂಪು. ಮುಖ್ಯವಾಗಿ, ಆ ಅವಧಿಯಲ್ಲಿ ಅಪ್ಪನ ಬರಲಿಗೂ ರಜೆ. ದೇವಿ ಮೈಮೇಲಿರುವ ಹುಡುಗನಿಗೆ ಹೊಡೆಯುವುದುಂಟೇ? ಮಗ್ಗಿ ತಪ್ಪಿದರೂ ಅಪ್ಪ ನನ್ನನ್ನು ಬಹುವಚನದಲ್ಲಿ ವಿಚಾರಿಸುತ್ತಿದ್ದರು. ಅಮ್ಮ ಎಂದೇ ಕರೆಸಿಕೊಳ್ಳುತ್ತಿದ್ದ ಸಿಡುಬು ಲೋಕ ಬಿಟ್ಟು ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ಆದರೆ ಆಮೇಲೂ ನಮ್ಮೂರಿಗೆ ದುರುಗಮುರಗಿಯವರು ಬರುತ್ತಿದ್ದರು. ಹೆಂಗಸಿನ ತಲೆಯ ಮೇಲೆ ದೇವಿಯ ಪೆಟ್ಟಿಗೆ, ಉರುಮೆಯ ಗುಂಯ್ ಎನ್ನುವ ಸದ್ದು, ಅದಕ್ಕೆ ಸರಿಯಾಗಿ ಗಂಡಸು ಚಾಟಿ ಬೀಸಿ ತನ್ನ ಮೈಗೇ ಹೊಡೆದುಕೊಳ್ಳುವುದು. ಚಾಟಿಯ ತುದಿ ಗಾಳಿಯಲ್ಲಿ ಪಟಾರನೆ ಸಿಡಿದಾಗ ನಾವು ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಿದ್ದೆವು. ಊರಿನ ಮೇಲೆ ಬೀಳಬೇಕಾದ ಏಟನ್ನು ಅವನು ತನ್ನ ಮೈಗೆ ಹಾಕಿಕೊಂಡು ಹೋಗುತ್ತಾನೆ ಎಂದು ಅಜ್ಜಿ ಹೇಳಿ, ಮೊರದಲ್ಲಿ ರಾಗಿ ಹಾಕುತ್ತಿದ್ದಳು. ಕೂಲಿ ಕಡಿಮೆಯಾಯಿತು ಎಂದು ನನಗೆ ಆಗಲೂ ಅನ್ನಿಸುತ್ತಿತ್ತು.

ನನ್ನ ಮೈಮೇಲೆ ಬಂದದ್ದಕ್ಕೆ ‘ವಯಸ್ಸು’ ಎಂಬ ಉತ್ತರ ಕೇಳಿದಾಗ ನನಗೂ ನಿರಾಸೆಯೇ ಆಗಿತ್ತು. ರಾತ್ರಿ ಉರಿಯಲ್ಲಿ ಮಗ್ಗುಲು ಬದಲಿಸುವಾಗ ಯಾರೋ ಹೊಡೆದರು ಎಂದುಕೊಂಡರೆ ಒಂದು ಬಗೆಯ ಆಸರೆ. ಹಾವೋ, ಅಮ್ಮನೋ, ಅಪ್ಪನೋ, ಕೈ ಇರುವ ಯಾರಾದರೂ. ಬಿಡಿ ಎಂದು ಬೇಡಿಕೊಳ್ಳಬಹುದು, ಜಗಳವಾದರೂ ಆಡಬಹುದು. ವಯಸ್ಸಿನ ಹತ್ತಿರ ಏನೆಂದು ಜಗಳ ಆಡುವುದು? ಸ್ವಂತ ಬೆನ್ನಿಗಾದರೆ ಚಾಟಿಯ ಮಾತು ನನಗೆ ಒಪ್ಪಿಗೆ. ಪಕ್ಕದವರ ಬೆನ್ನು ನೋಡಿ ಅದೇ ಮಾತು ಆಡುವವರನ್ನು ಕಂಡರೆ ಮಾತ್ರ ಆಗುವುದಿಲ್ಲ. ಅದಕ್ಕೆ ಕಾರಣ ಇದೆ.

ಅಪ್ಪನಿಗೆ ನಿವೃತ್ತಿಯಾಗಿ ಕೆಲವು ವರ್ಷದ ಮೇಲೆ ಲಕ್ವ ಹೊಡೆಯಿತು. ಬಲಪಕ್ಕ ಹೋಯಿತು, ಮಾತು ತೊದಲಿತು. ನೋಡಲು ಬಂದವರ ಕಣ್ಣು ಮೊದಲು ಹೋಗುತ್ತಿದ್ದುದೇ ಆ ಬಲಗೈಗೆ. ಮಡಿಲಲ್ಲಿ ಅಂಗಾತ ಬಿದ್ದಿರುತ್ತಿತ್ತು. ದೂರದ ಸಂಬಂಧದ ದೊಡ್ಡಪ್ಪನೊಬ್ಬರು ದಿನವೂ ಬಂದು, ಕಾಫಿ ಕುಡಿದು, ಹೊರಡುವ ಮುಂಚೆ ನಿಟ್ಟುಸಿರಿನೊಂದಿಗೆ, “ಎಷ್ಟು ಮಕ್ಕಳಿಗೆ ಹೊಡೆದ ಕೈಯೋ ಏನೋ, ಎಲ್ಲಾ ಇಲ್ಲೇ ಅಲ್ವೇ ತೀರಬೇಕಾದ್ದು” ಎನ್ನುತ್ತಿದ್ದರು. ಅಪ್ಪನ ಕಿವಿಗೆ ಏನೂ ಆಗಿರಲಿಲ್ಲ. ಒಮ್ಮೆ ಹಳೆಯ ವಿದ್ಯಾರ್ಥಿಯೊಬ್ಬ, ಅದೇ ಸೊಸೈಟಿ ಅಧ್ಯಕ್ಷ, ಸೇಬು ತಂದಿಟ್ಟು ಕೂತಿದ್ದಾಗ ದೊಡ್ಡಪ್ಪ ಮತ್ತೆ ಅದನ್ನೇ ಶುರುಮಾಡಿದರು. ಅವನು, “ಮೇಷ್ಟ್ರು ನಮಗ್ಯಾರಿಗೂ ಹೊಡೆದಿಲ್ಲ ಬಿಡಿ. ಎಲ್ಲಾ ಇವನಿಗೇ” ಎಂದು ನನ್ನನ್ನು ತೋರಿಸಿದ. ದೊಡ್ಡಪ್ಪನ ಸಿದ್ಧಾಂತಕ್ಕೆ ಅದರಿಂದ ಧಕ್ಕೆಯೇನೂ ಆಗಲಿಲ್ಲ. ಸ್ವಂತ ಮಗನಿಗೆ ಹೊಡೆದದ್ದಾದರೆ ಇನ್ನೂ ಹೆಚ್ಚಿನ ಪಾಪ ಎಂದರು. ನಾನು ಏಟು ತಿಂದವನು, ದೂರು ಕೊಡಬೇಕಾದವನು ನಾನು. ನನ್ನ ಪರವಾಗಿ ದಂಡ ವಸೂಲಿ ಮಾಡಲು ಇವರಿಗೆ ವಕಾಲತ್ತು ಕೊಟ್ಟವರು ಯಾರು?

ಯೋಹಾನನ ಸುವಾರ್ತೆಯಲ್ಲಿ ಹುಟ್ಟುಕುರುಡನೊಬ್ಬನನ್ನು ತೋರಿಸಿ ಶಿಷ್ಯರೇ ಇದನ್ನು ಕೇಳುತ್ತಾರಂತೆ: ಪಾಪ ಮಾಡಿದವರು ಯಾರು, ಇವನೋ, ಇವನ ಹೆತ್ತವರೋ? ಇವನೂ ಅಲ್ಲ, ಹೆತ್ತವರೂ ಅಲ್ಲ ಎಂದು ಉತ್ತರ. ಈ ಮಾತನ್ನು ಪಾದ್ರಿಗಳು ನನಗೆ ಹೇಳಿದ್ದು ಬಹಳ ತಡವಾಗಿ. ಆಗ ಗೊತ್ತಿದ್ದರೂ ದೊಡ್ಡಪ್ಪನಿಗೆ ಹೇಳಿ ಪ್ರಯೋಜನವಾಗುತ್ತಿರಲಿಲ್ಲ. ಅವರಿಗೆ ಉತ್ತರ ಸಿಕ್ಕಿದ್ದು ಬೇರೆ ದಾರಿಯಲ್ಲಿ.

ಫಿಸಿಯೋಥೆರಪಿಯ ಹುಡುಗ ಅಪ್ಪನಿಗೆ ಒಂದು ರಬ್ಬರ್ ಚೆಂಡು ಕೊಟ್ಟು ಹೋಗಿದ್ದ. ದಿನಕ್ಕೆ ಇಷ್ಟು ಸಲ ಬಲಗೈಯಲ್ಲಿ ಅಮುಕಬೇಕು, ಬಾಯಲ್ಲಿ ಎಣಿಸಬೇಕು. ಕೈಗೂ ಆಯಿತು, ನಾಲಗೆಗೂ ಆಯಿತು. ಅಪ್ಪ ಒಂದು, ಎರಡು ಎಂದು ತೊದಲುತ್ತ ಅಮುಕುವುದು, ನಾನು ಪಕ್ಕದಲ್ಲಿ ಕೂತು ಲೆಕ್ಕ ನೋಡಿಕೊಳ್ಳುವುದು. ಒಂದು ಸಂಜೆ ದೊಡ್ಡಪ್ಪ ಎದುರಿನ ಕುರ್ಚಿಯಲ್ಲಿ ಕೂತು ಪೂರ್ವಜನ್ಮದ ವಿಚಾರ ಬಿಡಿಸಿ ಹೇಳುತ್ತಿದ್ದರು. ಅಪ್ಪ ಹದಿನಾರಾದ ಮೇಲೆ ಹದಿನೆಂಟಕ್ಕೆ ಹೋದರು.

“ಅಪ್ಪ, ಹದಿನೇಳು ಬಿಟ್ಟುಹೋಯ್ತು,” ಎಂದೆ. ಜೀವಮಾನದಲ್ಲಿ ಮೊದಲ ಸಲ ಅವರ ಲೆಕ್ಕ ತಿದ್ದುವ ಅವಕಾಶ; ಸ್ವಲ್ಪ ಜೋರಾಗಿಯೇ ಹೇಳಿದೆನೇನೋ. ಅಪ್ಪ ನನ್ನನ್ನು ದುರುಗುಟ್ಟಿ ನೋಡಿದರು. ತರಗತಿಯಲ್ಲಿ ಬರಲು ಎತ್ತಿಕೊಳ್ಳುವ ಮುಂಚಿನ ಅದೇ ನೋಟ. ಚೆಂಡನ್ನು ಎಡಗೈಗೆ ಬದಲಿಸಿಕೊಂಡು ಎಸೆದರು. ನಾನು ಅಭ್ಯಾಸಬಲದಿಂದ ತಲೆ ತಗ್ಗಿಸಿದೆ. ಚೆಂಡು ಹೋಗಿ ದೊಡ್ಡಪ್ಪನ ಹಣೆಗೆ ಬಡಿದು, ಕಾಫಿ ಲೋಟ ಉರುಳಿಸಿ, ಮಂಚದ ಕೆಳಗೆ ಹೋಯಿತು.

ಎಡಗೈ ಗುರಿ ತಪ್ಪಿತೋ, ತಪ್ಪಲಿಲ್ಲವೋ, ಅಪ್ಪ ಹೇಳಲಿಲ್ಲ. ದೊಡ್ಡಪ್ಪ ಹಣೆ ಉಜ್ಜಿಕೊಳ್ಳುತ್ತ, “ನಾನೇನು ಮಾಡಿದ್ನೋ ನಿನಗೆ?” ಎಂದರು. ಅಪ್ಪ ಸ್ಪಷ್ಟವಾಗಿ “ಹದಿನೇಳು” ಅಂದರು.